ಮಲೆನಾಡಿನ ಮನೆಗೆ ಉಪ್ಪುನೀರಿನ ಟ್ಯಾಂಕ್: ಮೀನು ಮಾತ್ರವೋ, ಹವಳವೂ ಇರಲೋ?

ಮಳೆಗಾಡು: ನಮಸ್ಕಾರ. ತೀರ್ಥಹಳ್ಳಿ ಹತ್ತಿರ ಮನೆ, 200 ಲೀಟರ್ ಟ್ಯಾಂಕ್. ಮೀನು-ಕಲ್ಲು ಸಾಕೋ, ಮೆದು ಹವಳವೋ, ಗಟ್ಟಿ ಹವಳವೋ? ಮಳೆಗಾಲದಲ್ಲಿ ಕರೆಂಟ್ ಅರ್ಧ ದಿನ ಇರಲ್ಲ. ಹೊನ್ನಾವರದ ಸಮುದ್ರದ ನೀರು ತರಬಹುದಾ?

ರೀಫ್ ಶರಾವತಿ: ಕವಲೊಡೆಯುವ ಗಟ್ಟಿ ಹವಳ ಈಗಲೇ ಬೇಡ ಸರ್. ಅದಕ್ಕೆ ಜೋರು ಬೆಳಕು, ನಿಲ್ಲದ ಹರಿವು ಬೇಕು. ಕ್ಯಾಲ್ಸಿಯಂ 420 ಪಿಪಿಎಂ (ಲೀಟರಿಗೆ ಮಿಲಿಗ್ರಾಂ), ಆಲ್ಕಲಿನಿಟಿ (ನೀರು ಆಮ್ಲ ತಡೆದುಕೊಳ್ಳುವ ಶಕ್ತಿ) ಅದರ ಅಳತೆಯಾದ ಡಿಕೆಎಚ್‌ನಲ್ಲಿ 8ರ ಆಸುಪಾಸಿನಲ್ಲಿ ಕದಲದೆ ಇರಬೇಕು. ಮಶ್ರೂಮ್, ಜೊಯಾಂಥಿಡ್‌ನಂಥ ಮೆದು ಹವಳ ಏರುಪೇರು ಸ್ವಲ್ಪ ತಡೆದುಕೊಳ್ಳುತ್ತವೆ. ನನ್ನ ಮತ ಅದಕ್ಕೇ: ಜತೆಗೆ ಒಂದು ಜೋಡಿ ಕ್ಲೌನ್ ಮೀನು, ಸುಮಾರು 20 ಕೆಜಿ ಕಲ್ಲು. ಮೊದಲು ಚಿಟಿಕೆ ಮೀನಿನ ಆಹಾರ ಹಾಕುತ್ತ 4–6 ವಾರ ಮೀನಿಲ್ಲದೆ ಟ್ಯಾಂಕ್ ಓಡಿಸಿ. ಆಹಾರ ಕೊಳೆತು ಬರುವ, ಮೀನಿಗೆ ವಿಷವಾದ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಯಾಗದೆ ಮೀನು ಬಿಡಬೇಡಿ. ಜೊಯಾಂಥಿಡ್ ಮುಟ್ಟುವಾಗ ಗ್ಲೌಸ್ ಇರಲಿ, ಕೆಲವಕ್ಕೆ ಭಾರೀ ವಿಷ.

ಉಪ್ಪಿನಕಲ್ಲು: ಹೊನ್ನಾವರದ ನೀರು ಬೇಡವೇ ಬೇಡ. ಶರಾವತಿ ಅಲ್ಲೇ ಸಮುದ್ರ ಸೇರುತ್ತೆ, ಮಳೆಗಾಲದಲ್ಲಿ ಉಪ್ಪು ಇಳಿದು ಕೆಸರೂ ಬರುತ್ತೆ. ಆರ್‌ಓ ನೀರಿಗೆ ಲೀಟರಿಗೆ 35–38 ಗ್ರಾಂ ರೀಫ್ ಸಾಲ್ಟ್ (ಹವಳದ ಟ್ಯಾಂಕಿಗೆಂದೇ ಸಿಗುವ ಉಪ್ಪು) ಕದಡಿ, ರಿಫ್ರಾಕ್ಟೋಮೀಟರಿನಲ್ಲಿ (ಉಪ್ಪಿನ ಪ್ರಮಾಣ ಅಳೆಯುವ ಉಪಕರಣ) ಸಾಪೇಕ್ಷ ಸಾಂದ್ರತೆ 1.025 ಬರಲಿ. ಆವಿಯಾದಷ್ಟು ಬರೀ ಆರ್‌ಓ ನೀರು ತುಂಬಿ. ಉಪ್ಪುನೀರು ತುಂಬಿದರೆ ಉಪ್ಪು ಏರುತ್ತಲೇ ಹೋಗುತ್ತೆ.

ರೀಫ್ ಶರಾವತಿ: ಟ್ಯಾಂಕಿನ ಕೆಳಗೆ ಸಂಪ್ (ನೀರು ಸೋಸುವ ಎರಡನೇ ತೊಟ್ಟಿ) ಇಟ್ಟರೆ ಒಮ್ಮೆ ಪಂಪ್ ಆರಿಸಿ ನೋಡಿ. ಮೇಲಿನ ನೀರು ಪೈಪಿನಲ್ಲಿ ಹಿಂದಕ್ಕೆ ಇಳಿಯುತ್ತೆ. ಇಳಿದು ನಿಂತಾಗಲೂ ಸಂಪಿನ ಅಂಚಿಗೆ ನಾಲ್ಕು ಬೆರಳು ಜಾಗ ಉಳಿಯುವಂತೆ ಮಟ್ಟ ಗುರುತಿಸಿ, ಇಲ್ಲದಿದ್ದರೆ ರಾತ್ರಿ ಕರೆಂಟ್ ಹೋದಾಗ ಮನೆತುಂಬಾ ಉಪ್ಪುನೀರು. ಕರೆಂಟ್ ಇಲ್ಲದಾಗ ನೀರಿಗೆ ಗಾಳಿ ಕೊಡಲು ಬ್ಯಾಟರಿ ಏರ್ ಪಂಪ್ ಕಡ್ಡಾಯ.