ಆಂಟೊನಿಮ್ ಪ್ರಶ್ನೆ: ಪದ ಗೊತ್ತಿಲ್ಲದಿದ್ದರೆ ಬಿಡಬೇಕಾ, ಒತ್ತಬೇಕಾ?

ಧಾರವಾಡಹುಡುಗ: ಎಸ್‌ಎಸ್‌ಸಿ ಸಿಜಿಎಲ್ (ಪದವೀಧರರಿಗೆ ಕೇಂದ್ರ ಸರ್ಕಾರಿ ಕೆಲಸದ ಪರೀಕ್ಷೆ) ಟಯರ್ 1ಕ್ಕೆ, ಅಂದರೆ ಮೊದಲ ಹಂತಕ್ಕೆ ಓದುತ್ತಿದ್ದೇನೆ. ಇಂಗ್ಲಿಷ್‌ನ 25 ಪ್ರಶ್ನೆಗಳಲ್ಲಿ ವಿರುದ್ಧ ಪದ ಕೇಳಿದಾಗ ಗೊತ್ತಿಲ್ಲದ್ದನ್ನು ಬಿಟ್ಟುಬಿಡುತ್ತೇನೆ, ನೆಗೆಟಿವ್ ಮಾರ್ಕ್ಸ್ ಭಯ. ಸರೀನಾ?

ಲೆಕ್ಕದಮೇಷ್ಟ್ರು: ಸುಮ್ನೆ ಹೆದರಬೇಡಿ. ಸರಿಯಾದರೆ 2 ಅಂಕ, ತಪ್ಪಾದರೆ ಹೋಗೋದು ಅರ್ಧ ಅಂಕ. ನಾಲ್ಕರಲ್ಲಿ ಎರಡನ್ನು ತೆಗೆದುಹಾಕಿ ಒತ್ತಿದರೆ ಸರಾಸರಿ ಮುಕ್ಕಾಲು ಅಂಕ ಲಾಭ. ಪದ ಗೊತ್ತಿಲ್ಲದೆಯೂ ತೆಗೆಯಬಹುದು! ‘ಫ್ರೂಗಲ್’ಗೆ ವಿರುದ್ಧ ಕೇಳಿ ಥ್ರಿಫ್ಟಿ, ಎಕನಾಮಿಕಲ್, ಲ್ಯಾವಿಶ್, ಹಂಬಲ್ ಕೊಟ್ಟಿದ್ದಾರೆ ಅಂದುಕೊಳ್ಳಿ. ಮೊದಲೆರಡಕ್ಕೂ ಹೆಚ್ಚುಕಮ್ಮಿ ಒಂದೇ ಅರ್ಥ, ಸರಿ ಉತ್ತರ ಇರೋದು ಒಂದೇ, ಅಲ್ಲಿಗೆ ಎರಡೂ ಔಟ್.

ರಾತ್ರಿಓದು: ಮೇಷ್ಟ್ರೇ, ಟಯರ್ 2ರಲ್ಲಿ 3 ಅಂಕಕ್ಕೆ 1 ಕಟ್. ಅಲ್ಲಿ ಕಣ್ಣುಮುಚ್ಚಿ ಒತ್ತಿದರೆ ಸರಾಸರಿ ಸೊನ್ನೆ, ಅದನ್ನೂ ಹೇಳಿ. ಇನ್ನೊಂದು ಮಾತು, ನಿಜವಾಗಿ ಅಂಕ ಹೋಗೋದು ಗೊತ್ತಿರೋ ಪದಗಳಲ್ಲೇ. 60 ನಿಮಿಷಕ್ಕೆ 100 ಪ್ರಶ್ನೆ, ಒಂದರಲ್ಲಿ ಸಿನೊನಿಮ್ ಕೇಳಿರ್ತಾರೆ, ಮುಂದಿನದರಲ್ಲಿ ಆಂಟೊನಿಮ್, ಆಯ್ಕೆಯಲ್ಲಿ ಸಮಾನಾರ್ಥಕ ಪದವನ್ನೇ ಮೊದಲು ಕೂರಿಸಿರ್ತಾರೆ, ಕಣ್ಣಿಗೆ ಬಿದ್ದ ತಕ್ಷಣ ಕೈ ಅದನ್ನೇ ಒತ್ತಿಬಿಡುತ್ತೆ. ಆಯ್ಕೆ ನೋಡುವ ಮೊದಲೇ ವಿರುದ್ಧ ಪದವನ್ನು ಮನಸ್ಸಲ್ಲಿ ಹೇಳಿಕೊಳ್ಳಿ. ಇದಕ್ಕಿಂತ ದೊಡ್ಡ ಟ್ರಿಕ್ ಇಲ್ಲ.

ಶಾರ್ಟ್‌ಕಟ್‌ಶೂರ: ಇಷ್ಟೆಲ್ಲ ಯಾಕೆ? ಶುರುವಲ್ಲಿ ಇನ್, ಅನ್, ಡಿಸ್ ಇದ್ದರೆ ‘ಇಲ್ಲ’ ಅಂತ ಅರ್ಥ, ಅಷ್ಟೇ.

ರಾತ್ರಿಓದು: ಹಾಗಾದ್ರೆ ಇನ್‌ವ್ಯಾಲ್ಯುಬಲ್ ಅಂದ್ರೆ ಬೆಲೆ ಇಲ್ಲದ್ದಾ? ಅಮೂಲ್ಯ ಅಂತಲ್ವಾ? ಇನ್‌ಫ್ಲೇಮಬಲ್ ಅಂತ ಬರೆದ ಡಬ್ಬದ ಹತ್ತಿರ ಬೆಂಕಿಕಡ್ಡಿ ಗೀರಬೇಡಿ ಮಾರಾಯ್ರೇ.

ಶಾರ್ಟ್‌ಕಟ್‌ಶೂರ: ಎಲ್ಲೋ ಒಂದೆರಡು ಹಾಗಿರುತ್ತೆ ಬಿಡಿ. ಮಿಕ್ಕಿದ್ದಕ್ಕೆ ನಡೆಯುತ್ತೆ.

ಲೆಕ್ಕದಮೇಷ್ಟ್ರು: ಆ ಒಂದೆರಡನ್ನೇ ಹುಡುಕಿ ಕೇಳ್ತಾರಲ್ಲ!

ಪುಸ್ತಕಹುಳ: ಒಂಟಿ ಪದ ಕೊಟ್ಟು ವಿರುದ್ಧ ಕೇಳೋದೇ ದಂಡ. ಅಮೆರಿಕದ ಕಾಲೇಜು ಪ್ರವೇಶ ಪರೀಕ್ಷೆ ಎಸ್‌ಎಟಿ 1994ರಲ್ಲೇ ಇದನ್ನು ಕೈಬಿಟ್ಟಿತು, ಸ್ನಾತಕೋತ್ತರ ಪ್ರವೇಶದ ಜಿಆರ್‌ಇ 2011ರಲ್ಲಿ. ಈಗ ಅಲ್ಲಿ ವಾಕ್ಯದೊಳಗೆ ಪದ ಇಟ್ಟು ಕೇಳ್ತಾರೆ. ಪಟ್ಟಿ ಉರುಹೊಡೆದವರಿಗಿಂತ ದಿನಾ ಇಂಗ್ಲಿಷ್ ಪೇಪರ್ ಓದೋರಿಗೆ ಅದು ಅನುಕೂಲ.

ಲೆಕ್ಕದಮೇಷ್ಟ್ರು: ನ್ಯಾಯದ ಮಾತೇ. ಆದರೆ ನಮ್ಮ ಪೇಪರ್‌ನಲ್ಲಿ ಇನ್ನೂ ಇದೆ, ಪರೀಕ್ಷೆ ಬರೆಯೋನು ಏನು ಮಾಡಬೇಕು?

ಪುಸ್ತಕಹುಳ: ಹಳೇ ಪೇಪರ್‌ಗಳ ಪದಗಳನ್ನು ವಾಕ್ಯದ ಸಮೇತ ಬರೆದಿಟ್ಟುಕೊಳ್ಳಲಿ. ಪಕ್ಕದಲ್ಲೇ ವಿರುದ್ಧ ಪದ.

ಧಾರವಾಡಹುಡುಗ: ಸರಿ, ಟಯರ್ 1ರಲ್ಲಿ ಇನ್ಮೇಲೆ ಒಂದನ್ನೂ ಬಿಡಲ್ಲ. ಟಯರ್ 2 ಆಮೇಲೆ ನೋಡೋಣ.