ಮೂರು ತಿಂಗಳಿಂದ ದಿನಾ ಬೀಟ್ರೂಟ್, ರಾಗಿಮುದ್ದೆ, ಆದ್ರೂ ಹಿಮೋಗ್ಲೋಬಿನ್ ಏರ್ತಿಲ್ಲ ಯಾಕೆ?

ವಿಜಯನಗರದ_ಹುಡುಗಿ:
ನಮಸ್ಕಾರ ಎಲ್ರಿಗೂ. ವಯಸ್ಸು 28, ಆಫೀಸಲ್ಲಿ ಹೆಲ್ತ್ ಚೆಕಪ್ ಮಾಡ್ಸಿದಾಗ ಹಿಮೋಗ್ಲೋಬಿನ್ 9.2 ಬಂತು. ಮಾತ್ರೆ ಎಲ್ಲ ಹೀಟು ಅಂತ ಅಮ್ಮ ಬೇಡ ಅಂದ್ರು, ಅವತ್ತಿಂದ ಬೆಳಿಗ್ಗೆ ಬೀಟ್ರೂಟ್ ಜ್ಯೂಸು, ಮಧ್ಯಾಹ್ನ ಡಬ್ಬಿಲಿ ಮುದ್ದೆ ಸೊಪ್ಪಿನ ಸಾರು, ಸಂಜೆ ದಾಳಿಂಬೆ. ಮೂರು ತಿಂಗಳು ಬಿಟ್ಟು ಮತ್ತೆ ಟೆಸ್ಟ್ ಮಾಡ್ಸಿದ್ರೆ 9.4! ಮೆಟ್ರೋ ಸ್ಟೇಷನ್ ಮೆಟ್ಲು ಹತ್ತೋದ್ರೊಳಗೆ ಉಸಿರು ಸಿಕ್ಕಾಕೊಳುತ್ತೆ, ಕೂದಲಂತೂ ಕೇಳ್ಬೇಡಿ. ನಾವು ಪ್ಯೂರ್ ವೆಜ್ಜು. ಎಲ್ಲಿ ತಪ್ಪಾಗ್ತಿದೆ?

ಮುದ್ದೆಪ್ರಿಯ:
ನಾಟಿ ಕೋಳಿ ಸಾರು ತಿಂದ್ರೆ ಎಲ್ಲ ಸರಿಹೋಗುತ್ತೆ ಸಿಸ್ಟರ್ 😄

ಊಟದ_ಲೆಕ್ಕ:
ಮೇಲಿನವರು ತಮಾಷೆಗೆ ಅಂದ್ರೂ ಪೂರ್ತಿ ಸುಳ್ಳಲ್ಲ, ಮಾಂಸದಲ್ಲಿರೋ ಕಬ್ಬಿಣ ಮೈಗೆ ಬೇಗ ಸೇರುತ್ತೆ, ಸೊಪ್ಪು ಕಾಳಿಂದು ಅಷ್ಟು ಸುಲಭವಾಗಿ ಸೇರಲ್ಲ. ನಾನು ನ್ಯೂಟ್ರಿಷನ್ ಓದಿದೀನಿ, ಡಾಕ್ಟರ್ ಅಲ್ಲ, ಅದು ಮೊದಲೇ ಹೇಳ್ಬಿಡ್ತೀನಿ.

ಬೀಟ್ರೂಟು ದಾಳಿಂಬೆ ಕೆಂಪಗಿದೆ ಅಂತ ರಕ್ತ ಆಗುತ್ತೆ ಅನ್ನೋದು ಹಳೇ ನಂಬಿಕೆ ಅಷ್ಟೇ. 100 ಗ್ರಾಂ ಬೀಟ್ರೂಟಲ್ಲಿ 1 ಮಿಲಿಗ್ರಾಂ ಕಬ್ಬಿಣಾನೂ ಇರಲ್ಲ, ದಾಳಿಂಬೆಲಿ ಅದಕ್ಕಿಂತ ಕಮ್ಮಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹಾಕಿರೋ ಲೆಕ್ಕದಲ್ಲಿ ನಮ್ಮಂಥ ಹೆಂಗಸರಿಗೆ ದಿನಕ್ಕೆ 29 ಮಿಲಿಗ್ರಾಂ ಬೇಕು, ಗಂಡಸರಿಗೆ 19 ಸಾಕು. ತಿಂಗಳು ತಿಂಗಳು ರಕ್ತ ಹೋಗುತ್ತಲ್ಲ, ಅದಕ್ಕೇ ಈ ವ್ಯತ್ಯಾಸ. ರಾಗಿ ಫೇಮಸ್ ಆಗಿರೋದು ಕ್ಯಾಲ್ಸಿಯಂಗೆ, 100 ಗ್ರಾಂ ಹಿಟ್ಟಲ್ಲಿ ಸುಮಾರು 350 ಮಿಲಿಗ್ರಾಂ. ಕಬ್ಬಿಣ ಬರೀ 4 ರಿಂದ 5. ಅದರಲ್ಲೂ ರಾಗೀಲಿರೋ ಫೈಟೇಟು ಅನ್ನೋ ಅಂಶ ಕಬ್ಬಿಣಾನ ಹಿಡ್ಕೊಂಡು ಬಿಡಲ್ಲ, ತಿಂದಿದ್ರಲ್ಲಿ ಹತ್ತನೇ ಒಂದು ಪಾಲು ಮೈಗೆ ಸೇರಿದ್ರೆ ದೊಡ್ಡದು. ಮುದ್ದೆ ಬಿಡಿ ಅಂತಲ್ಲ, ರಾಗಿ ನೆನೆಹಾಕಿ ಮೊಳಕೆ ಕಟ್ಟಿ ಒಣಗ್ಸಿ ಹಿಟ್ಟು ಮಾಡ್ಸಿ, ಫೈಟೇಟು ಕಮ್ಮಿ ಆಗುತ್ತೆ. ಸಾರಿಗೆ ಹುರುಳಿಕಾಳು ಅಲಸಂದೆ ಹಾಕಿ, ಮೇಲೆ ನಿಂಬೆಹಣ್ಣು ಹಿಂಡಿ, ಅದರಲ್ಲಿರೋ ವಿಟಮಿನ್ ಸಿ ಕಬ್ಬಿಣ ಮೈಗೆ ಸೇರೋಕೆ ಸಹಾಯ ಮಾಡುತ್ತೆ. ಒಲೆ ಮೇಲೆ ಕುದಿವಾಗ ಅಲ್ಲ, ತಟ್ಟೆಗೆ ಬಡಿಸಿದ್ಮೇಲೆ, ಇಲ್ದಿದ್ರೆ ವಿಟಮಿನ್ ಸಿ ಬಿಸಿಗೇ ಹೋಗುತ್ತೆ. ಊಟ ಆದ್ಮೇಲೆ ಒಂದು ಸೀಬೆಹಣ್ಣು ತಿಂದ್ರೂ ಆಯ್ತು.

ಒಂದು ಕೇಳ್ಬೇಕು, ಊಟ ಆದ್ಮೇಲೆ ಕಾಫಿ ಕುಡೀತೀರಾ?

ವಿಜಯನಗರದ_ಹುಡುಗಿ:
ಅಯ್ಯೋ ಅಕ್ಕ, ಊಟ ಆದ ತಕ್ಷಣ ಆಫೀಸ್ ಕೆಳಗಡೆ ದರ್ಶಿನೀಲಿ ಟೀಮ್ ಎಲ್ಲ ಸೇರಿ ಫಿಲ್ಟರ್ ಕಾಫಿ, ಅದು ತಪ್ಪಿದ್ದೇ ಇಲ್ಲ. ಬೆಳಿಗ್ಗೆ ಇಡ್ಲಿ ಜೊತೇನೂ ಒಂದು.

ಊಟದ_ಲೆಕ್ಕ:
ಸಿಕ್ತು ನೋಡಿ. 1983ರಲ್ಲಿ ಒಂದು ಪ್ರಯೋಗ ಆಗಿತ್ತು, ಊಟದ ಜೊತೆ ಒಂದು ಕಪ್ ಕಾಫಿ ಕುಡಿದ್ರೆ ಕಬ್ಬಿಣ ಹೀರೋದು 39% ಕಮ್ಮಿ ಆಯ್ತು, ಟೀ ಆದ್ರೆ 64%. ಮಜಾ ಏನಂದ್ರೆ ಊಟಕ್ಕೆ ಒಂದು ಗಂಟೆ ಮುಂಚೆ ಕುಡಿದವರಿಗೆ ಏನೂ ಆಗ್ಲಿಲ್ಲ, ಊಟ ಆಗಿ ಒಂದು ಗಂಟೆಗೆ ಕುಡಿದವರಿಗೆ ಜೊತೇಲಿ ಕುಡಿದಷ್ಟೇ ಹೊಡೆತ. ಹಾಗಾಗಿ ಕಾಫಿನ ಸಂಜೆ ನಾಲ್ಕು ಗಂಟೆಗೆ ತಳ್ಳಿ. ಬಿಡಿ ಅಂತ ಹೇಳೋ ಧೈರ್ಯ ನನಗಿಲ್ಲ, ನಾನೂ ಬೆಂಗಳೂರವಳೇ.

ಲ್ಯಾಬ್_ಅಣ್ಣ:
ಇಷ್ಟೆಲ್ಲ ಸರಿ, ಆದ್ರೆ 9.2 ಅಂದ್ರೆ ಊಟದಲ್ಲಿ ಸರಿ ಮಾಡ್ಕೊಳೋ ಲೆವೆಲ್ ದಾಟಿದೆ ತಂಗಿ, ಹೆಂಗಸರಿಗೆ 12 ಇರ್ಬೇಕು. ಬರೀ ಹಿಮೋಗ್ಲೋಬಿನ್ ನೋಡಿ ಕಬ್ಬಿಣಾನೇ ಕಮ್ಮಿ ಅಂತ ಹೇಳಕ್ಕಾಗಲ್ಲ. ಸಿಬಿಸಿ (ರಕ್ತಕಣಗಳ ಟೆಸ್ಟ್) ರಿಪೋರ್ಟಲ್ಲಿ ಎಂಸಿವಿ ಅಂತ ಇರುತ್ತೆ ನೋಡಿ, ಅದು ಕೆಂಪು ಕಣದ ಸರಾಸರಿ ಗಾತ್ರ, ಕಬ್ಬಿಣ ಕಮ್ಮಿ ಆದಾಗ ಸಾಮಾನ್ಯವಾಗಿ ಕೆಂಪು ಕಣ ಚಿಕ್ಕದಾಗುತ್ತೆ, ಬಿ12 ಕಮ್ಮಿ ಆದ್ರೆ ದೊಡ್ಡದಾಗುತ್ತೆ, ಎರಡೂ ಕಮ್ಮಿ ಇದ್ರೆ ನಾರ್ಮಲ್ ಥರ ಕಾಣಿಸಿ ಮೋಸ ಮಾಡುತ್ತೆ. ಪ್ಯೂರ್ ವೆಜ್ ಅಂತೀರಿ, ಹಾಲು ಮೊಸರು ಬಿಟ್ರೆ ಬಿ12 ಬರೋಕೆ ದಾರಿ ಇಲ್ಲ. ಫೆರಿಟಿನ್ (ಮೈಯಲ್ಲಿ ಕಬ್ಬಿಣದ ಸ್ಟಾಕ್ ಎಷ್ಟಿದೆ ಅಂತ ತೋರ್ಸೋ ಟೆಸ್ಟ್), ಬಿ12 ಎರಡೂ ಮಾಡ್ಸಿ ಡಾಕ್ಟರಿಗೆ ತೋರ್ಸಿ. ಪೀರಿಯಡ್ಸ್ ಜಾಸ್ತಿ ಹೋಗ್ತಿದ್ರೆ ಅದನ್ನೂ ಮುಚ್ಚಿಡದೆ ಹೇಳಿ, ಎಷ್ಟೋ ಜನರಿಗೆ ಸೋರಿಕೆ ಅಲ್ಲೇ ಇರುತ್ತೆ.

ಬಸ್ಸಾರು_ಆಂಟಿ:
ನಮ್ಮನೇಲಿ ಕಬ್ಬಿಣದ ಬಾಣಲೇಲೇ ಪಲ್ಯ ಮಾಡೋದು, ಟೊಮೇಟೊ ಹುಣಸೆಹುಳಿ ಬಿದ್ರೆ ಬಾಣಲೆ ಕಬ್ಬಿಣ ಅಡುಗೆಗೆ ಇನ್ನೂ ಚೆನ್ನಾಗಿ ಬಿಡುತ್ತೆ. ನಾನ್‌ಸ್ಟಿಕ್ ಬಂದ್ಮೇಲೆ ಎಲ್ಲರೂ ಅದನ್ನ ಅಟ್ಟಕ್ಕೆ ಹಾಕಿದ್ರು.

ವಿಜಯನಗರದ_ಹುಡುಗಿ:
ಅಪ್‌ಡೇಟ್. ಫೆರಿಟಿನ್ 6 ಬಂದಿದೆ, ತುಂಬಾ ಕಮ್ಮಿ, ಬಿ12ನೂ ಬಾರ್ಡರ್. ಡಾಕ್ಟರ್ ಮಾತ್ರೆ ಬರ್ಕೊಟ್ರು, ಹಾಲು ಕಾಫಿ ಕ್ಯಾಲ್ಸಿಯಂ ಮಾತ್ರೆ ಯಾವುದರ ಜೊತೇನೂ ತಗೋಬೇಡ ಅಂದ್ರು, ಹಿಮೋಗ್ಲೋಬಿನ್ ಸರಿಹೋದ್ಮೇಲೂ ಮೂರು ತಿಂಗಳು ನಿಲ್ಲಿಸ್ಬಾರ್ದಂತೆ, ಒಳಗಿನ ಸ್ಟಾಕ್ ತುಂಬ್ಬೇಕಂತೆ. ಅಮ್ಮ ಒಪ್ಪಿದ್ರು, ಆದ್ರೆ ಮೋಷನ್ ಕಪ್ಪಗಾಗಿದೆ ಅಂದಿದ್ದಕ್ಕೆ ಮತ್ತೆ ಹೀಟಿನ ಮಾತು ಶುರು.

ಲ್ಯಾಬ್_ಅಣ್ಣ:
ಮಾತ್ರೆಗೆ ಕಪ್ಪಗಾಗೋದು ಮಾಮೂಲು, ಹೆದರ್ಬೇಡಿ. ಮಾತ್ರೆ ತಗೊಳದೇ ಕಪ್ಪಗಾದ್ರೆ ಮಾತ್ರ ತಕ್ಷಣ ಹೋಗಿ. ಹೊಟ್ಟೆ ತೊಳೆಸಿದ್ರೆ ನೀವೇ ನಿಲ್ಲಿಸ್ಬೇಡಿ, ಡೋಸ್ ಬದಲಾಯ್ಸಕ್ಕೆ ಡಾಕ್ಟರನ್ನ ಕೇಳಿ.

ವಿಜಯನಗರದ_ಹುಡುಗಿ:
ಥ್ಯಾಂಕ್ಸ್ ಅಣ್ಣ. ಕಾಫಿ ಈಗ ನಾಲ್ಕು ಗಂಟೆಗೆ. ಟೀಮ್ ಪೂರ್ತಿ ನನ್ನ ಬೈಕೊಂಡು ಟೈಮ್ ಬದಲಾಯ್ಸಿದಾರೆ.