ಮನುಷ್ಯರ ಚಿತ್ರ ಬಿಡಿಸೋದು ಕಲಿಯಬೇಕು. ನೀವೆಲ್ಲ ಎಲ್ಲಿಂದ ಶುರು ಮಾಡಿದಿರಿ? ಅನುಭವ ಹೇಳಿ

ಶಿವಮೊಗ್ಗ ಗುಮಾಸ್ತ
ನಮಸ್ಕಾರ. ವಯಸ್ಸು 34. ಚಿಕ್ಕಂದಿನಿಂದ ಹೂವು, ಮನೆ, ತೆಂಗಿನಮರ ಚೆನ್ನಾಗಿ ಬರುತ್ತೆ. ಮನುಷ್ಯರನ್ನು ಬಿಡಿಸಿದರೆ ಮಾತ್ರ ಬೆದರುಬೊಂಬೆ. ರಾತ್ರಿ ಒಂದು ಗಂಟೆ ಬಿಡುವು, ಕೈಯಲ್ಲಿ 3,000 ರೂಪಾಯಿ ಇದೆ. ಕ್ಲಾಸಿಗೆ ಹೋಗೋಕೆ ಆಗಲ್ಲ. ಅಳತೆ ಮೊದಲಾ, ಮೂಳೆ-ಮಾಂಸ ಮೊದಲಾ, ಇಲ್ಲಾ ಬೇಗ ಬೇಗ ಗೀಚೋದು ಮೊದಲಾ?

ಇದ್ದಿಲುಕೈ
ಕ್ಲಾಸಿಗೆ ಹೋಗಲ್ಲ ಅಂದಿರಲ್ಲ, ಬಚಾವಾದಿರಿ. ನಾನು 2018ರಲ್ಲಿ ಮೈಸೂರಿನಲ್ಲಿ ಒಂದು ಭಾನುವಾರದ ಕ್ಲಾಸಿಗೆ ಸೇರಿದ್ದೆ. ತಿಂಗಳಿಗೆ 2,200ರಂತೆ ಹನ್ನೊಂದು ತಿಂಗಳು, 24,200 ಆಯಿತು. ಬೋರ್ಡು 450, ಕ್ಲಿಪ್ಪು 60, ಇದ್ದಿಲು ಕಡ್ಡಿ, ಕಾರ್ಟ್ರಿಜ್ ಹಾಳೆ ಬೇರೆ. ಬಸ್ ಚಾರ್ಜು ಬರೆದಿಟ್ಟಿಲ್ಲ, ಬರೆದಿದ್ದರೆ ಹೆಂಡತಿ ಮನೆಗೆ ಸೇರಿಸುತ್ತಿರಲಿಲ್ಲ.

ಮೊದಲ ಐದು ತಿಂಗಳು ಪ್ಲಾಸ್ಟರಿನ ಕಿವಿ ನೋಡಿ ಬಿಡಿಸೋದು. ಒಂದೇ ಕಿವಿ. ಅದರ ತುದಿ ಒಡೆದಿತ್ತು, ಒಡೆದದ್ದನ್ನೂ ಸೇರಿಸಿ ಶೇಡ್ ಮಾಡಿದೆ, ಮೇಷ್ಟ್ರು ವೆರಿ ಗುಡ್ ಅಂದರು. ಮಾಡೆಲ್ ಕೂರಿಸ್ತೀವಿ ಅಂತ ಹೇಳಿದ್ದರು. ಕೂರಿಸಿದ್ದು ಎರಡು ಸಲ, ಎರಡೂ ಸಲ ವಾಚ್‌ಮನ್ ತಾತನನ್ನೇ. ಪಾಪ, ರಾತ್ರಿ ಪಾಳಿ ಮುಗಿಸಿ ಬಂದವರು ಕೂತಲ್ಲೇ ತೂಕಡಿಸಿದರು. ಕತ್ತು ಇಳಿಯುತ್ತಾ ಇಳಿಯುತ್ತಾ ಹೋಯಿತು. ಹದಿನಾಲ್ಕು ಜನರ ಹಾಳೆಯಲ್ಲಿ ಹದಿನಾಲ್ಕು ಥರದ ಕತ್ತು.

ಕೊನೆಗೆ ಕಲಿತದ್ದು ಬಸ್ ಸ್ಟ್ಯಾಂಡಿನಲ್ಲಿ. ಬಸ್ಸು ಬಂದರೆ ಜನ ಎದ್ದು ಓಡ್ತಾರೆ, ಅರ್ಧ ನಿಮಿಷದಲ್ಲಿ ಹಿಡೀಬೇಕು. ಮುಖ, ಬೆರಳು ಎಲ್ಲ ಬಿಟ್ಟು, ತೂಕ ಯಾವ ಕಾಲಿನ ಮೇಲಿದೆ ಅಂತಷ್ಟೇ ನೋಡೋದು. ಬಲಗಾಲಿನ ಮೇಲೆ ಭಾರ ಬಿಟ್ಟು ಆರಾಮಾಗಿ ನಿಂತರೆ ಬಲ ಸೊಂಟ ಮೇಲೇಳುತ್ತೆ, ಬಲ ಭುಜ ಇಳಿಯುತ್ತೆ. ಇದು ಕಣ್ಣಿಗೆ ಬಿದ್ದ ದಿನ ನನ್ನ ಬೊಂಬೆಗಳು ನೆಲದ ಮೇಲೆ ನಿಂತವು.

ಶಿವಾರಪಟ್ಟಣದ ಉಳಿ
ಬಸ್ ಸ್ಟ್ಯಾಂಡಿನಲ್ಲಿ ಗೀಚಿದ್ದನ್ನೆಲ್ಲ ಕಲಿಕೆ ಅನ್ನಬೇಡಿ ಸ್ವಾಮಿ. ನಾವು ಶಿಲ್ಪ ಕೆತ್ತೋರು, ನಮ್ಮ ಮನೆಯಲ್ಲಿ ಕಲ್ಲು ಮುಟ್ಟುವ ಮುಂಚೆ ಎರಡು ವರ್ಷ ಬರೀ ಗೆರೆ. ನವತಾಳ, ಅಂದ್ರೆ ವಿಗ್ರಹದ ಎತ್ತರ ಒಂಬತ್ತು ಮುಖದಷ್ಟು ಅನ್ನೋ ಅಳತೆ, ಬಾಯಿಪಾಠ: ಮುಖ 12 ಅಂಗುಲ (ಇಂಚಲ್ಲ, ಮುಖದ ಹನ್ನೆರಡರಲ್ಲಿ ಒಂದು ಪಾಲು), ಕತ್ತು 4, ಅಲ್ಲಿಂದ ಎದೆಗೆ 12, ಎದೆಯಿಂದ ಹೊಕ್ಕಳಿಗೆ 12, ಅಲ್ಲಿಂದ ಕೆಳಗೆ 12, ತೊಡೆ 24, ಮಂಡಿ 4, ಮಂಡಿಯಿಂದ ಕೆಳಗಿನ ಕಾಲು 24, ಪಾದ 4. ಕೂಡಿದರೆ 108. ತಪ್ಪಿದರೆ ಅಪ್ಪ ಮಾತೇ ಆಡುತ್ತಿರಲಿಲ್ಲ, ಹಲಗೆ ಒರೆಸಿ ಹೋಗುತ್ತಿದ್ದರು.

ಒಂದು ಸಲ ಮಂಡಿಯ 4 ಅಂಗುಲ ಬಿಟ್ಟುಹೋಯಿತು. ಮೂರಡಿ ದ್ವಾರಪಾಲಕ, ತೊಡೆ ಬಿಡಿಸಿ ಆದಮೇಲೆ ಗೊತ್ತಾಯಿತು. ಇಪ್ಪತ್ತಾರು ದಿನದ ಕೂಲಿ ಹೋಯಿತು. ಆ ಕಲ್ಲು ಈಗಲೂ ಹಿತ್ತಲಲ್ಲಿ ಬೋರಲು ಬಿದ್ದಿದೆ, ಅಮ್ಮ ಅದರ ಬೆನ್ನ ಮೇಲೆ ಬಟ್ಟೆ ಒಗೀತಾರೆ. ಅಳತೆ ಅಂದ್ರೆ ಸುಮ್ನೆ ಅಲ್ಲ.

ಇದ್ದಿಲುಕೈ
ಗುಮಾಸ್ತರು ದ್ವಾರಪಾಲಕರನ್ನು ಕೇಳಿಲ್ಲ ಅಲ್ವಾ? ಬದುಕಿರೋ ಮನುಷ್ಯನ ಎತ್ತರ ಸುಮಾರು ಏಳೂವರೆ ತಲೆಯಷ್ಟು. ಒಂಬತ್ತು ಮಾಡಿದರೆ ಎಲ್ಲರೂ ಸಿನಿಮಾ ಕಟೌಟ್.

ಶಿವಾರಪಟ್ಟಣದ ಉಳಿ
ತಾಳ ಅಂದ್ರೆ ಮುಖ. ಕೂದಲಂಚಿನಿಂದ ಗಲ್ಲದವರೆಗೆ. ನೀವು ಹೇಳ್ತಿರೋದು ನೆತ್ತಿಯಿಂದ ಗಲ್ಲ. ಎರಡೂ ಬೇರೆ ಬೇರೆ ಮೊಳಕೋಲು. ಹನ್ನೊಂದು ತಿಂಗಳು ಫೀಸು ಕಟ್ಟಿ ಇಷ್ಟೂ ಗೊತ್ತಾಗಲಿಲ್ವಾ?

ಇದ್ದಿಲುಕೈ
ಫೀಸಿನ ಸುದ್ದಿ ಎತ್ತಬೇಡಿ.

ಗೆರೆಗೌರಿ
ಬಸ್ ಸ್ಟ್ಯಾಂಡ್ ಅಂತ ಸಲೀಸಾಗಿ ಹೇಳಿಬಿಡ್ತೀರಿ ನೀವು ಗಂಡಸರು. ನಾನು ಹುಬ್ಬಳ್ಳಿಯಲ್ಲಿ ಒಂದೇ ದಿನ ಕೂತಿದ್ದೆ. ನಾನು ಬಿಡಿಸಿದ್ದು ಇಬ್ಬರನ್ನು, ನನ್ನನ್ನು ನೋಡುತ್ತಾ ಸುತ್ತ ನಿಂತವರು ಒಂಬತ್ತು. ಒಬ್ಬಾತ "ನಂದೂ ಒಂದು ತೆಗೀರಿ ಮೇಡಂ, ನಂಬರ್ ಕೊಡ್ತೀನಿ" ಅಂದ. ಅವತ್ತೇ ಕೊನೆ.

ಆಮೇಲೆ ಆನ್‌ಲೈನ್ ಅನಾಟಮಿ ಕೋರ್ಸು, 14,500. ಹಿಂತಿರುಗಿಸಲ್ಲ ಅನ್ನೋದನ್ನು ಸಣ್ಣಕ್ಷರದಲ್ಲಿ ಬರೆದಿದ್ದರು. ಮಾಂಸಖಂಡಗಳ ಹೆಸರು ಗಟ್ಟಿ ಮಾಡಿದೆ, ಬಿಡಿಸಿದ ತೋಳೆಲ್ಲ ಹಾಗಲಕಾಯಿ ಥರ ಉಬ್ಬುತಗ್ಗು. ಎರಡು ವರ್ಷ ಹೀಗೇ. ಒಂದಿನ ಅತ್ತೆ ಪುಸ್ತಕ ತಿರುವಿ, "ಎಲ್ಲರಿಗೂ ಯಾಕೆ ಕುಳ್ಳಗಾಲು?" ಅಂದರು. ಅವರು ಪೆನ್ಸಿಲ್ ಹಿಡಿದವರೇ ಅಲ್ಲ! ಬೀರುವಿನ ಕನ್ನಡಿ ಮುಂದೆ ನಿಂತು ಟೇಪು ಹಿಡಿದೆ. ನಾನು ದೇಹದ ಅರ್ಧ ಅಂದ್ರೆ ಹೊಕ್ಕಳು ಅಂದ್ಕೊಂಡಿದ್ದೆ. ಅರ್ಧ ಬರೋದು ಅದಕ್ಕಿಂತ ಒಂದು ಗೇಣು ಕೆಳಗೆ, ತೊಡೆಸಂದಿಯ ಹತ್ತಿರ. ಕೈ ಇಳಿಬಿಟ್ಟರೆ ಮಣಿಕಟ್ಟು ಹೆಚ್ಚೂಕಮ್ಮಿ ಅಲ್ಲೇ ಬರುತ್ತೆ.

ಈಗ ತೊಗಲಿನ ಕೆಳಗೇ ಕೈಗೆ ಸಿಗೋ ಮೂಳೆಗಳನ್ನಷ್ಟೇ ಗುರುತು ಹಾಕ್ತೀನಿ. ಕೊರಳೆಲುಬು, ಮೊಣಕೈ ತುದಿ, ಸೊಂಟದ ಎರಡು ಮೂಲೆ, ಮಂಡಿಚಿಪ್ಪು. ದಪ್ಪಗಿದ್ದರೂ ತೆಳ್ಳಗಿದ್ದರೂ ಇವು ಜಾಗ ಬಿಡಲ್ಲ. 14,500 ತಗೊಂಡವರು ಇದನ್ನು ಏಳನೇ ವಿಡಿಯೋದಲ್ಲಿ ಎರಡು ನಿಮಿಷ ಹೇಳಿ ಮುಗಿಸಿದ್ದರು.

ಪೆನ್ ಟ್ಯಾಬ್
ಇನ್ನೂ ಇದ್ದಿಲು, ಹಲಗೆ ಅಂತ ಕೂತಿದ್ದೀರಲ್ಲ. ಟ್ಯಾಬಿನಲ್ಲಿ ಕಾಲು ಕುಳ್ಳ ಆದ್ರೆ ಸೆಲೆಕ್ಟ್ ಮಾಡಿ ಎಳೆದರಾಯ್ತು.

ಗೆರೆಗೌರಿ
ಕಾಲು ಕುಳ್ಳ ಆಗಿದೆ ಅಂತ ಟ್ಯಾಬು ಹೇಳುತ್ತಾ, ಅತ್ತೆ ಹೇಳ್ತಾರಾ?

ಹಳೇ ಡ್ರಾಯಿಂಗ್ ಮೇಷ್ಟ್ರು
31 ವರ್ಷ ಪ್ರೌಢಶಾಲೆಯಲ್ಲಿ ಚಿತ್ರಕಲೆ ಹೇಳಿಕೊಟ್ಟವನು ನಾನು. ಲೋವರ್, ಹೈಯರ್ ಗ್ರೇಡ್ ಪರೀಕ್ಷೆಗೆ ಎಷ್ಟು ಮಕ್ಕಳನ್ನು ಕೂರಿಸಿದೆನೋ ಲೆಕ್ಕವಿಲ್ಲ. 3,000 ಯಾಕಪ್ಪಾ ಬೇಕು? ಇದ್ದಿಲನ್ನು ನಾನು ಮನೆಯಲ್ಲೇ ಸುಡುತ್ತಿದ್ದೆ. ಪೆನ್ಸಿಲ್ ದಪ್ಪದ ದ್ರಾಕ್ಷಿ ಬಳ್ಳಿ ಕಡ್ಡಿ, ಸಿಪ್ಪೆ ಸುಲಿದು ಒಣಗಿಸಿ ತಗಡಿನ ಡಬ್ಬಿಗೆ ಬಿಗಿಯಾಗಿ ತುಂಬಬೇಕು. ಮುಚ್ಚಳಕ್ಕೆ ಮೊಳೆಯಲ್ಲಿ ಒಂದೇ ತೂತು. ಡಬ್ಬಿ ಒಲೆಗಿಟ್ಟರೆ ತೂತಿನಿಂದ ಹೊಗೆ ಬರುತ್ತೆ. ಹೊಗೆ ನಿಂತಾಗ ಇಳಿಸಿ, ತೂತು ಮುಚ್ಚಿ, ಪೂರ್ತಿ ತಣ್ಣಗಾಗುವ ತನಕ ಮುಟ್ಟಬಾರದು. ಮೊದಲ ಸಲ ಆತುರಕ್ಕೆ ಬಿಸಿಯಲ್ಲೇ ತೆಗೆದೆ. ಗಾಳಿ ತಾಗಿದ್ದೇ ತಡ, ಕಡ್ಡಿಗಳು ಕೆಂಡವಾಗಿ ಕಣ್ಣೆದುರೇ ಬೂದಿಯಾದವು. ಎರಡನೇ ಸಲ ಸರಿಯಾಗಿ ಬೆಂದಿರಲಿಲ್ಲ, ಕಾಗದ ಕೆರೆಯಿತು. ಮೂರನೇ ಸಲದ ಕಡ್ಡಿ ಬಿದ್ದರೆ ಗಾಜಿನ ಥರ ಟಿಣ್ ಅನ್ನುತ್ತಿತ್ತು. ಚಿತ್ರ ಉದುರದ ಹಾಗೆ ಮೇಲೆ ಹೇರ್ ಸ್ಪ್ರೇ ಹೊಡೆದರೆ ಸಾಕು.

ಇದ್ದಿಲುಕೈ
ಸರ್, ಹೇರ್ ಸ್ಪ್ರೇ ಮಾತ್ರ ಬೇಡ. ನನ್ನ ವಾಚ್‌ಮನ್ ತಾತನ ಚಿತ್ರ ಹಳದಿ ತಿರುಗಿ, ಮೂರು ವರ್ಷಕ್ಕೆ ತಾತ ಕಾಮಾಲೆ ರೋಗಿ ಆದರು.

ಹಳೇ ಡ್ರಾಯಿಂಗ್ ಮೇಷ್ಟ್ರು
ಹಾಳೆ ಕಳಪೆ ಇರಬೇಕು. ನನ್ನ 1994ರ ಚಿತ್ರ ಇನ್ನೂ ಬೆಳ್ಳಗಿದೆ.

ಶಿವಮೊಗ್ಗ ಗುಮಾಸ್ತ
ಎಲ್ಲರಿಗೂ ಧನ್ಯವಾದ. ನಿನ್ನೆ ರಾತ್ರಿ ಮಲಗಿದ್ದ ಮಗಳನ್ನು ಬಿಡಿಸಿದೆ. ನಾಲ್ಕು ವರ್ಷದವಳು. ಏಳೂವರೆ ತಲೆ ಲೆಕ್ಕ ಹಿಡಿದೆ, ಕಾಲೇಜು ಹುಡುಗಿ ಥರ ಬಂದಳು. ಮಕ್ಕಳಿಗೆ ಬೇರೆ ಅಳತೆನಾ?

ಶಿವಾರಪಟ್ಟಣದ ಉಳಿ
ಬೇರೇನೇ. ಬಾಲಕೃಷ್ಣನಿಗೆ ಐದು ತಾಳ ಹಿಡಿತೀವಿ. ಅದೇ ನಾನು ಮೊದಲಿಂದ ಹೇಳ್ತಿರೋದು.

ಗೆರೆಗೌರಿ
ಮಗು ಮಲಗಿತ್ತು ಅಂತಿದ್ದಾರೆ, ಕಾಲ ಕಡೆಯಿಂದ ನೋಡಿದರೆ ಯಾವ ತಾಳವೂ ನಡೆಯಲ್ಲ. ಪಾದವೇ ತಲೆಗಿಂತ ದೊಡ್ಡದಾಗಿ ಕಾಣುತ್ತೆ. ಎಲ್ಲಿ ಕೂತು ಬಿಡಿಸಿದಿರಿ ಸರ್?

ಪೆನ್ ಟ್ಯಾಬ್
ಫೋಟೋ ತೆಗೆದು ಮೇಲೆ ಟ್ರೇಸ್ ಮಾಡಿ.

ಇದ್ದಿಲುಕೈ
ಇವರನ್ನು ಯಾರಾದರೂ ಹೊರಗೆ ಹಾಕಿ.

ಹಳೇ ಡ್ರಾಯಿಂಗ್ ಮೇಷ್ಟ್ರು
ಹೇರ್ ಸ್ಪ್ರೇ ಯಾವ ಕಂಪನಿಯದು ಹೊಡೆದಿದ್ದಿರಿ?